ಹತ್ತೊಂಬತ್ತು ಗೆರಟೆಗಳು

ಗುರುವಾರ ಬೆಳಿಗ್ಗೆ ನಾಲ್ಕನೇ ತರಗತಿಯ ಚಿಲಕ ತೆಗೆಯುವ ಮೊದಲೇ ಹೆಲನ್‌ಗೆ ಖಾತ್ರಿಯಾಗಿತ್ತು, ತಾನಿಲ್ಲದ ಹೊತ್ತಿನಲ್ಲಿ ಯಾರೋ ಒಳಗೆ ಬಂದು ಹೋಗುತ್ತಿದ್ದಾರೆ ಎಂದು. ಹೇಗೆ ಗೊತ್ತು ಎಂದು ಕೇಳಿದ್ದರೆ ತೋರಿಸಲಿಕ್ಕೆ ಅವಳ ಬಳಿ ಏನೂ ಇರಲಿಲ್ಲ. ಕಿಟಕಿಯ ಕೊಕ್ಕೆ ನಿನ್ನೆ ಹಾಕಿದ ಹಾಗೆಯೇ ಇತ್ತು. ಕರಿಹಲಗೆಯ ಮೂಲೆಯಲ್ಲಿ ಬರೆದಿಟ್ಟ ದಾಖಲೆ ಹತ್ತೊಂಬತ್ತು, ಹಾಜರು ಹತ್ತೊಂಬತ್ತು ಎಂಬ ಅಂಕಿಗಳನ್ನು ಯಾರೂ ಮುಟ್ಟಿರಲಿಲ್ಲ. ಆದರೆ ಮುಚ್ಚಿದ ಕೋಣೆಯ ಗಾಳಿಯಲ್ಲಿ ಒಂದು ಹುಳಿ ವಾಸನೆ ತುಂಬಿಕೊಂಡಿತ್ತು, ಮರೆತುಹೋದ ಗಂಜಿಯ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ಇಪ್ಪತ್ತೇಳು ವರ್ಷಗಳಿಂದ ಹೊಸ್ತಿಲಲ್ಲಿ ನಿಂತು ಹಣೆಗೆ ಎದೆಗೆ ಭುಜಗಳಿಗೆ ಬೆರಳು ಮುಟ್ಟಿಸಿ, ಶಿಲುಬೆಯ ಗುರುತು ಮಾಡಿಕೊಂಡೇ ಒಳಗೆ ಕಾಲಿಡುತ್ತಿದ್ದವಳು ಅವತ್ತು ಅದನ್ನು ಮರೆತು ನೇರ ಕಿಟಕಿಯ ಕೆಳಗಿನ ಬೆಂಚಿಗೆ ಹೋದಳು.

ಬೆಂಚಿನ ಮೇಲೆ ಹತ್ತೊಂಬತ್ತು ತೆಂಗಿನ ಗೆರಟೆಗಳು ಸಾಲಾಗಿ ಕೂತಿದ್ದವು. ಪ್ರತಿಯೊಂದರಲ್ಲೂ ಒದ್ದೆ ಹತ್ತಿ, ಹತ್ತಿಯ ಮೇಲೆ ಒಂದು ಚಿಟಿಕೆ ಭತ್ತ, ಗೆರಟೆಯ ಹೊಟ್ಟೆಗೆ ಅಂಟಿಸಿದ ಚೀಟಿಯಲ್ಲಿ ಒಂದು ಹೆಸರು. ಹದಿನೆಂಟು ಗೆರಟೆಗಳಲ್ಲಿ ಭತ್ತ ಊದಿಕೊಂಡು, ಹೊಟ್ಟು ಬಿರಿದು, ಲೋಳೆ ಲೋಳೆಯಾಗಿ ಮಲಗಿತ್ತು. ಅವುಗಳ ಪೈಕಿ ಎರಡರಲ್ಲಿ ಬೂದು ಬಣ್ಣದ ಬೂಸಲು ಬಂದಿತ್ತು. ಕೊನೆಯದೊಂದರಲ್ಲಿ ಮಾತ್ರ ಸೂಜಿಯಂಥ ಹಸಿರು ಮೊಳಕೆಗಳು ನೆಟ್ಟಗೆ ನಿಂತಿದ್ದವು. ಹೆಲನ್ ಎಣಿಸಿದಳು, ಏಳು. ಚೀಟಿಯ ಮೇಲೆ ಮೋಕ್ಷಾ ಎಂದಿತ್ತು. ಅವಳ ಕಣ್ಣು ತಾನಾಗಿ ಕಿಟಕಿಯಾಚೆ ಹೋಯಿತು. ಅಲ್ಲಿ ನಾಲ್ಕು ಮಾರು ದೂರದಲ್ಲಿ ಬಿಸಿಯೂಟದ ಅಡುಗೆಕೋಣೆ. ಅಡುಗೆಯ ಅಕ್ಕು ದಿನಾ ಹತ್ತೂವರೆಗೆ ಅನ್ನ ಬಸಿದು, ಹಬೆಯಾಡುವ ಗಂಜಿ ತಿಳಿಯನ್ನು ಹಿಡಿದುಕೊಂಡು ಇದೇ ಕಿಟಕಿಯ ಕೆಳಗಾಗಿ ತೆಂಗಿನ ಬುಡಕ್ಕೆ ಹೋಗುತ್ತಾಳೆ. ಮೋಕ್ಷಾ ಅಕ್ಕುವಿನ ಮೊಮ್ಮಗಳು. ಸಂಶಯ ಬಹಳ ಅಚ್ಚುಕಟ್ಟಿನ ಕೆಲಸಗಾತಿ. ಬಿಡಿ ಬಿಡಿಯಾಗಿ ಬಿದ್ದದ್ದನ್ನೆಲ್ಲ ಹೆಕ್ಕಿ ಗಳಿಗೆಯೊಳಗೆ ಮಾಲೆ ಮಾಡಿ ಕೊರಳಿಗೆ ಹಾಕಿಬಿಡುತ್ತದೆ. ಹುಳಿ ವಾಸನೆ, ಗಂಜಿ ತಿಳಿ, ಅಜ್ಜಿ, ಮೊಮ್ಮಗಳು. ಉಳಿದವರ ಬೀಜಕ್ಕೆ ಬಿಸಿ ತಿಳಿ, ತನ್ನ ಮಗುವಿನ ಗೆರಟೆಗೆ ಮನೆಯಿಂದ ತಂದ ಮೊಳಕೆ. ಶನಿವಾರ ತಂದೆತಾಯಂದಿರು ನೋಡಲಿಕ್ಕೆ ಬರುವಾಗ ಮೋಕ್ಷಾಳದ್ದೊಂದೇ ಹಸಿರು.

ಭತ್ತವನ್ನು ತಂದುಕೊಟ್ಟದ್ದು ಗಂಡ ಲಯನೆಲ್. ಬೀಜ ಮೊಳೆಯುವ ಪಾಠಕ್ಕೆ ಎಲ್ಲರೂ ಹೆಸರುಕಾಳು ಇಡುತ್ತಾರೆ, ಈ ಸಲ ಭತ್ತ ಇಡಬೇಕು ಎಂದು ಹೆಲನ್ ಮನೆಯಲ್ಲಿ ಹೇಳಿದ್ದಳು. ದಿನಾ ಮೂರು ಹೊತ್ತು ಅನ್ನ ಉಣ್ಣುವ ಈ ಮಕ್ಕಳಲ್ಲಿ ಎಷ್ಟು ಜನ ಭತ್ತದ ಸಸಿ ನೋಡಿದ್ದಾರೆ? ಹಾಗೆ ನೋಡಿದರೆ ಪೇಟೆಯ ನಡುವಿನ ಮಣ್ಣಗುಡ್ಡದಲ್ಲಿ ಹುಟ್ಟಿ ಬೆಳೆದ ತಾನಾದರೂ ಎಷ್ಟು ನೋಡಿದ್ದೇನೆ ಎಂಬುದನ್ನು ಅವಳು ಹೇಳಿರಲಿಲ್ಲ. ಲಯನೆಲ್ ಗೆಳೆಯನೊಬ್ಬನ ಅಕ್ಕಿ ಮಿಲ್ಲಿಗೆ ಹೋಗಿ, ಅಂಗಳದಲ್ಲಿ ಒಣಗಲು ಹರಡಿದ್ದರಿಂದ ಒಂದು ಪೊಟ್ಟಣ ಕಟ್ಟಿಸಿಕೊಂಡು ಬಂದಿದ್ದ. ಸೋಮವಾರ ಪೊಟ್ಟಣ ಬಿಚ್ಚಿದಾಗ ಏನೋ ಒಂದು ವಾಸನೆ ಬಂದಿತ್ತು, ಗೋಣಿಯದ್ದಿರಬೇಕು ಅಂದುಕೊಂಡಿದ್ದಳು. ಮಕ್ಕಳನ್ನು ಹಾಜರಿ ಪುಸ್ತಕದ ಕ್ರಮದಲ್ಲಿ ಕರೆದು ಚಿಟಿಕೆ ಚಿಟಿಕೆ ಹಂಚಿದ್ದು, ಅರಾಫತ್ ಏನನ್ನೋ ಕಿಟಕಿಯಿಂದ ಹೊರಗೆ ಬೀಳಿಸಿದ್ದು, ಕೋಳಿಗಳು ಓಡಿ ಬಂದದ್ದು, ಮಕ್ಕಳು ಬಿದ್ದು ಬಿದ್ದು ನಕ್ಕದ್ದು, ಅಷ್ಟರಲ್ಲಿ ಹಾಲಿನ ಗಂಟೆ ಹೊಡೆದದ್ದು. ಸೋಮವಾರ ಹಾಗೆ ಕಳೆದಿತ್ತು. ಮಂಗಳವಾರ ಬಾಟಲಿ ಲೋಟ ಇಟ್ಟುಕೊಂಡು ನೀರು ಅಳೆಯುವ ಪಾಠ, ಬುಧವಾರ ಒಬ್ಬೊಬ್ಬರನ್ನೇ ನಿಲ್ಲಿಸಿ ಓದಿಸಿದ್ದು. ಬುಧವಾರವೇ ಮೋಕ್ಷಾಳ ಗೆರಟೆಯಲ್ಲಿ ಬಿಳಿ ಮೊನೆ ಕಂಡಿತ್ತು. ಕೈ ಚಪ್ಪಾಳೆ ತಟ್ಟಿತ್ತು, ಒಳಗೆಲ್ಲೋ ಒಂದು ಮುಳ್ಳು ಆಗಲೇ ಆಡಿತ್ತು. ಆ ಮಗು ಮುಟ್ಟಿದರೆ ಮುನಿಯಂಥದ್ದು, ಓದಲು ನಿಲ್ಲಿಸಿದರೆ ಪುಸ್ತಕದೊಳಗೇ ಮುಖ ಹುಗಿಸುವಂಥದ್ದು. ಅಂಥ ಮೌನಗಳ ಅಡಿಯಲ್ಲಿ ಏನಿರುತ್ತದೆ ಎಂದು ಟೀಚರಾದವಳು ತಿಳಿದಿರಬೇಕು ಎಂದು ಅವಳಿಗೆ ಅನಿಸಿತ್ತು.

ಮೊದಲ ಅವಧಿ ಗಣಿತ. ಹುಣಸೆ ಬೀಜಗಳನ್ನು ಏಳೇಳರ ರಾಶಿ ಮಾಡಿ ಮಗ್ಗಿ ಕಲಿಯುವುದು. ನೆಲದ ಮೇಲೆ ಹತ್ತೊಂಬತ್ತು ತಲೆಗಳು ಬಗ್ಗಿದ್ದವು. ಹೆಲನ್ ಬೆಂಚುಗಳ ನಡುವೆ ನಡೆಯುತ್ತ ಒಂದೇ ತಲೆಯನ್ನು ನೋಡುತ್ತಿದ್ದಳು. ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಬೈತಲೆ ನೇರವಾಗಿ, ಯಾರೋ ಪ್ರೀತಿಯಿಂದ ಅಳತೆ ಮಾಡಿ ತೆಗೆದದ್ದು. ಆ ಬೈತಲೆಯ ಮೇಲೂ ಅವಳಿಗೆ ಸಿಟ್ಟು ಬಂತು.

"ಮೋಕ್ಷಾ, ಎದ್ದು ನಿಲ್ಲು."

ಮಗು ನಿಂತಿತು. ಮುಷ್ಟಿಯೊಳಗೆ ಹುಣಸೆ ಬೀಜಗಳಿದ್ದವು.

"ನಿನ್ನ ಗೆರಟೆಗೆ ಹಾಕಿದ ಬತ್ತ ಎಲ್ಲಿಯದ್ದು?"

"ನೀವು ಕೊಟ್ಟದ್ದು ಟೀಚರ್."

"ನಾನು ಎಲ್ಲರಿಗೂ ಕೊಟ್ಟದ್ದು ಒಂದೇ ಬತ್ತ. ಅವರದ್ದು ಹಾಳಾಗಿದೆ, ನಿನ್ನದು ಮಾತ್ರ ಹೇಗೆ ಬಂತು?"

ಮಗು ಗೆರಟೆಗಳ ಕಡೆ ನೋಡಿತು, ಉತ್ತರ ಅಲ್ಲಿ ಬರೆದಿದೆಯೋ ಎಂಬಂತೆ. "ನೀವೇ ಕೊಟ್ಟದ್ದು," ಎಂದಿತು ಮತ್ತೆ.

"ಟೀಚರ್, ಅದು ರಾತ್ರಿ ಎದ್ದು ನೀರು ಕುಡಿದದ್ದಿರ್ಬೇಕು," ಎಂದ ಅರಾಫತ್. ತರಗತಿ ನಕ್ಕಿತು. ಮೋಕ್ಷಾಳ ತುಟಿಯ ತುದಿಯೂ ಒಂದು ಕ್ಷಣ ಅರಳಿದಂತಾಯಿತು. ಅದು ಹೆದರಿದ ಮಕ್ಕಳ ತುಟಿಯ ನಡುಕವೂ ಆಗಿರಬಹುದಿತ್ತು. ಹೆಲನ್‌ಗೆ ಕಂಡದ್ದು ನಗು. ತನ್ನ ಎದುರೇ ನಿಂತು, ತನ್ನ ಹೆಸರನ್ನೇ ಸುಳ್ಳಿಗೆ ಸಾಕ್ಷಿ ಹಾಕಿಕೊಂಡು ನಗುತ್ತಿದೆ. "ನಾನು ಸುಳ್ಳು ಹೇಳುವುದಿಲ್ಲ. ಇಪ್ಪತ್ತು ಸಲ ಬರಿ. ಬರೆದು ಮುಗಿಯುವವರೆಗೆ ಆಟಕ್ಕಿಲ್ಲ," ಎಂದಳು. ಧ್ವನಿ ಏರಿಸಲಿಲ್ಲ. ಧ್ವನಿ ಏರಿಸದೆ ಶಿಕ್ಷಿಸುವುದು ತನ್ನ ದೊಡ್ಡ ಗುಣವೆಂದು ಅವಳು ಬಹಳ ವರ್ಷಗಳಿಂದ ನಂಬಿದ್ದಳು.

ಮಗು ಬರೆಯಿತು. ಹೊರಗೆ ಲಗೋರಿಯ ಕಲ್ಲುಗಳು ಉರುಳುವ ಸದ್ದು ಬರುತ್ತಿರುವಾಗ ಒಳಗೆ ಪೆನ್ಸಿಲ್ ಕಾಗದವನ್ನು ಕೆರೆಯುವ ಸದ್ದು. ಹೆಲನ್ ಮೇಜಿನ ಬಳಿ ಕೂತು ಕಾಪಿ ಪುಸ್ತಕ ತಿದ್ದುತ್ತಿದ್ದಳು. ತಿದ್ದುತ್ತಿದ್ದಂತೆ ಅವಳಿಗೆ ಹಿಂದಿನ ತಿಂಗಳ ಸಭೆ ನೆನಪಾಯಿತು. ಹೆಡ್‌ಮಿಸ್ ಗ್ಲ್ಯಾಡಿಸ್ ಎಲ್ಲರ ಎದುರು, "ಹೆಲನ್, ನಿನ್ನ ಕ್ಲಾಸಿನ ಚಟುವಟಿಕೆ ಫೋಟೋದಲ್ಲಿ ಕಾಣುವುದೇ ಇಲ್ಲ ಮಾರಾಯ್ತಿ. ಬರೇ ಬೋರ್ಡು, ಚಾಕ್," ಎಂದು ನಕ್ಕಿದ್ದಳು. ಎಲ್ಲರೂ ನಕ್ಕಿದ್ದರು, ಹೆಲನ್ ಕೂಡ. ಆವತ್ತು ಮನೆಗೆ ಹೋಗುವಾಗ ಹಂಪನಕಟ್ಟೆಯಲ್ಲಿ ಬಸ್ಸು ಬದಲಿಸಲು ಇಳಿದವಳು, ಗುಂಪಿನ ನಡುವೆ ನಿಂತು ಆ ನಗುವನ್ನು ಒಂದೊಂದಾಗಿ ಬೇರೆ ಮಾಡಿ ನೋಡಿದ್ದಳು. ಯಾರ ನಗು ಸುಮ್ಮನೆ ನಕ್ಕದ್ದು, ಯಾರದ್ದು ಮೊದಲೇ ಮಾತಾಡಿಕೊಂಡದ್ದು. ಭತ್ತದ ಯೋಚನೆ ಹುಟ್ಟಿದ್ದು ಅಲ್ಲೇ. ಈಗ ಅದೂ ಹುಳಿತುಹೋಗಿತ್ತು.

ಶುಕ್ರವಾರ ಚಿತ್ರಕಲೆ. ಮಕ್ಕಳು ತಮ್ಮ ತಮ್ಮ ಗೆರಟೆಯ ಚಿತ್ರ ಬಿಡಿಸಬೇಕಿತ್ತು. ಮೊಳೆಯದ ಗೆರಟೆಗಳಿಗೆಲ್ಲ ಅವರು ಧಾರಾಳವಾಗಿ ಹಸಿರು ಬಳಿದರು. ಮೋಕ್ಷಾ ಮಾತ್ರ ಗೆರಟೆಯನ್ನು ಬಿಡಿಸಿ ಒಳಗೆ ಏನೂ ಬಿಡಿಸದೆ ಕೂತಿತ್ತು. ಹೆಲನ್ ಪಕ್ಕದಲ್ಲಿ ಕೂತಳು. ಈ ಸಲ ಮೆತ್ತಗೆ ಕೇಳಿದಳು. "ಟೀಚರ್ ಬೈಯುವುದಿಲ್ಲ. ದೇವರಿಗೆ ಎಲ್ಲ ಗೊತ್ತುಂಟು, ಅಲ್ವಾ? ನೀನು ಸತ್ಯ ಹೇಳಿದ್ರೆ ಇಲ್ಲಿಗೆ ಮುಗೀತು. ಅಜ್ಜಿ ಕೊಟ್ಟದ್ದಾ?"

ಮಗು ಬಹಳ ಹೊತ್ತು ಬಣ್ಣದ ಕಡ್ಡಿಯ ಕಾಗದವನ್ನು ಸುಲಿಯಿತು. ಆಮೇಲೆ, "ಹೌದು ಟೀಚರ್. ಅಜ್ಜಿ ಕೊಟ್ಟದ್ದು," ಎಂದಿತು.

ಹೆಲನ್‌ಗೆ ಮೈ ಹಗುರವಾಯಿತು. ಮಗುವಿನ ತಲೆ ಸವರಿದಳು. ಆ ಹಗುರದ ಒಳಗೆ ಸಣ್ಣ ಒಂದು ಸಿಹಿಯಿತ್ತು, ಉಪವಾಸದ ದಿನ ಯಾರೂ ನೋಡದಾಗ ಬಾಯಿಗೆ ಹಾಕಿಕೊಂಡ ಬೆಲ್ಲದಂಥದ್ದು. ಅದನ್ನು ಅವಳು ಸಮಾಧಾನವೆಂದು ಕರೆದಳು. ಆ ಸಮಾಧಾನದಲ್ಲೇ ಗ್ಲ್ಯಾಡಿಸ್ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು.

ಅಕ್ಕುವನ್ನು ಕರೆಸಿದರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲ ಬಳಿಯೇ ನಿಂತಳು. ಅರುವತ್ತು ದಾಟಿದವಳು, ಕ್ರೈಸ್ತ ಹೆಂಗಸರನ್ನೆಲ್ಲ ಬಾಯಮ್ಮ ಎನ್ನುವ ಹಳೆಯ ಕಾಲದವಳು. ಮೊದಲು ಗಂಡ ನೋಣಯ್ಯನೊಟ್ಟಿಗೆ ಗದ್ದೆ ಕೆಲಸ ಮಾಡಿದವಳು, ಆ ಗದ್ದೆಯ ಮೇಲೆ ಈಗ ಮೂರು ಮಾಳಿಗೆಯ ಫ್ಲಾಟು ನಿಂತಿದೆ. ಗ್ಲ್ಯಾಡಿಸ್ ವಿಷಯ ಹೇಳಿ, "ಎಂತ ಅಕ್ಕು ಇದು? ಮಕ್ಕಳ ಪಾಠಕ್ಕೆ ಕೈ ಹಾಕುವುದಾ? ಮಗುವೇ ಒಪ್ಪಿಕೊಂಡಿದೆ," ಎಂದಳು.

"ಅದು ಹಾಗೆ ಹೇಳಿತಾ?" ಎಂದಳು ಅಕ್ಕು.

"ಹೇಳಿತು."

ಅಕ್ಕು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮಗು ಹೇಳಿದ್ದರೆ ಇರ್ಲಿ ಹಾಗಾದ್ರೆ," ಎಂದಳು. ಹೊರಡುವಾಗ ಹೆಲನ್‌ಳನ್ನು ನೋಡಿ ಕೇಳಿದಳು, "ಬಾಯಮ್ಮ, ಆ ಬತ್ತ ಎಲ್ಲಿಂದ ತಂದದ್ದು ನೀವು?"

"ಎಲ್ಲಿಂದ ತಂದರೆ ನಿನಗೆ ಎಂತಕ್ಕೆ?"

"ಎಂತದೂ ಇಲ್ಲ," ಎಂದು ಹೋದಳು. ಎಷ್ಟು ಸೊಕ್ಕು ನೋಡು ಎಂದಳು ಗ್ಲ್ಯಾಡಿಸ್. ನಾಳೆ ತಂದೆತಾಯಂದಿರ ಸಭೆ ಮುಗಿದ ಮೇಲೆ ಸೋಮವಾರದಿಂದ ಬರುವುದು ಬೇಡವೆಂದು ಅವಳಿಗೆ ಹೇಳಿಬಿಡುವುದೆಂದು ತೀರ್ಮಾನವಾಯಿತು. ಹೆಲನ್ ತಲೆಯಾಡಿಸಿದಳು. ಅಷ್ಟು ದೂರ ಹೋಗಬೇಕಾಗಿರಲಿಲ್ಲ ಎನಿಸಿತು, ಆದರೆ ಬೇಡ ಎಂದೂ ಅನ್ನಲಿಲ್ಲ. ಆ ಸಂಜೆ ಜಪಸರ ಹಿಡಿದು ಕೂತಾಗ ಮಣಿಗಳು ಬೆರಳಿನಿಂದ ಬೆರಳಿಗೆ ದಾಟಿದವು. ಎಷ್ಟು ದಾಟಿದವು ಎಂದು ಮಾತ್ರ ಗೊತ್ತಾಗಲಿಲ್ಲ.

ಶನಿವಾರ ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅವಳು ಕೈಚೀಲದಿಂದ ಪ್ರಾರ್ಥನೆಯ ಪುಸ್ತಕ ತೆಗೆದಳು. ಪುಟಗಳ ನಡುವೆ ಒಂದು ಭತ್ತದ ತೆನೆಯಿತ್ತು. ಸೆಪ್ಟೆಂಬರಿನಲ್ಲಿ ಬರುವ ಹೊಸ ತೆನೆಯ ಹಬ್ಬ ಮೊಂತಿಯಂದು ಇಗರ್ಜಿಯಲ್ಲಿ ಆಶೀರ್ವದಿಸಿ, ಮನೆಯಲ್ಲಿ ಎಷ್ಟು ಜನವೋ ಅಷ್ಟು ತೆನೆ ಕೊಡುತ್ತಾರೆ. ಅದರ ಕಾಳು ಸುಲಿದು ಹಾಲಿಗೆ ಹಾಕಿ, ಹೊಸ ಅಕ್ಕಿಯೆಂದು ಎಲ್ಲರೂ ಒಂದೊಂದು ಗುಟುಕು ಕುಡಿಯುವುದು ರೂಢಿ. ಊರಲ್ಲಿಲ್ಲದವರ ಪಾಲನ್ನು ಹಾಗೆಯೇ ಎತ್ತಿಡುತ್ತಾರೆ. ಇದು ಕುವೈತಿನಲ್ಲಿರುವ ಮಗ ಶೆರ್ವಿನ್‌ನ ಪಾಲು, ಕ್ರಿಸ್ಮಸ್ಸಿಗೆ ಬಂದಾಗ ಕೊಡಬೇಕೆಂದು ಇಟ್ಟದ್ದು. ಅವಳು ತೆನೆಯನ್ನು ಬೆಳಕಿಗೆ ಹಿಡಿದಳು. ತುದಿ ಬೋಳಾಗಿತ್ತು. ಯಾರೋ ಕಾಳುಗಳನ್ನು ಕಿತ್ತಿದ್ದರು.

ಅವಳ ಕಿವಿ ಬಿಸಿಯಾಯಿತು. ಹಾಗಾದರೆ ಚೀಲಕ್ಕೂ ಕೈ ಹಾಕಿದ್ದಾರೆ. ಆಟದ ಹೊತ್ತಿನಲ್ಲಿ ಚೀಲ ಕುರ್ಚಿಯ ಹಿಂದೆ ನೇತಾಡುತ್ತಿರುತ್ತದೆ, ಒಳಗೆ ಕೂತು ಬರೆಯುತ್ತಿದ್ದದ್ದು ಯಾರು? ಇದನ್ನೂ ಗ್ಲ್ಯಾಡಿಸ್‌ಗೆ ಹೇಳಬೇಕು. ಬೋಳಾದ ಜಾಗದಲ್ಲಿ ಕಾಳು ಬಿಟ್ಟ ಸಣ್ಣ ಸಣ್ಣ ತೊಟ್ಟುಗಳಿದ್ದವು. ಹೆಬ್ಬೆರಳ ಉಗುರಿನಿಂದ ಮುಟ್ಟುತ್ತ ಎಣಿಸಿದಳು. ಏಳು. ಉಗುರು ಏಳನೆಯದರ ಮೇಲೆ ನಿಂತಿತು, ಅಲ್ಲಿ ನಿಂತು ತನಗೆ ಈ ಕೆಲಸ ಮೊದಲೇ ಗೊತ್ತಿದೆ ಎಂದಿತು. ಕೋಳಿಗಳು ಓಡಿ ಬಂದದ್ದು. ಅರಾಫತ್ ಬೀಳಿಸಿದ್ದು ಪೊಟ್ಟಣವನ್ನು. ಹಾಜರಿ ಪುಸ್ತಕದ ಕೊನೆಯ ಹೆಸರು, ಖಾಲಿ ಗೆರಟೆ ಹಿಡಿದು ಮೇಜಿನ ಪಕ್ಕ ನಿಂತ ಎರಡು ಜಡೆ, "ಟೀಚರ್, ನಂಗೆ?" ಎಂಬ ಉಸಿರಿನಷ್ಟು ಸಣ್ಣ ಮಾತು. ಹಾಲಿನ ಗಂಟೆ ಹೊಡೆಯುತ್ತಿತ್ತು. ಅಳುಬುರುಕ ಮಗು, ಈಗ ಅತ್ತರೆ ಯಾರು ಸುಧಾರಿಸುವುದು ಎಂದು ಪುಸ್ತಕ ತೆರೆದು, ಆಶೀರ್ವಾದದ ಕಾಳನ್ನು ಮಗನ ಪಾಲಿನಿಂದ ಕಿತ್ತು ಕೊಡುತ್ತಿದ್ದೇನಲ್ಲ ಎಂದು ಒಂದು ಕ್ಷಣ ಅಳುಕಿ, ಆ ಅಳುಕನ್ನು ನೋಡಲಿಷ್ಟವಿಲ್ಲದೆ ಪುಸ್ತಕ ಮುಚ್ಚಿದ್ದು. ಮುಚ್ಚಿದ ಮೇಲೆ ಅದು ನಡೆದೇ ಇಲ್ಲವೆಂಬಷ್ಟು ಮುಚ್ಚಿಹೋಗಿತ್ತು. ನೀವೇ ಕೊಟ್ಟದ್ದು, ಎಂದಿತ್ತು ಮಗು. ಎರಡು ಸಲ ಹೇಳಿತ್ತು.

ಶಾಲೆಗೆ ಇಳಿಯಬೇಕಾದ ಕುಲಶೇಖರದ ಸ್ಟಾಪು ಬಂದು ಹೋದದ್ದು ತಿಳಿಯಲಿಲ್ಲ. ಮುಂದಿನ ಸ್ಟಾಪಿನಲ್ಲಿಳಿದು ಹಿಂದಕ್ಕೆ ನಡೆದಳು. ಅಷ್ಟು ದೂರದಲ್ಲಿ ಅವಳ ಮನಸ್ಸು ಎಷ್ಟೋ ದಾರಿ ಹುಡುಕಿತು. ಇವತ್ತು ಸಂಜೆ ಪಾಪನಿವೇದನೆಗೆ ಹೋಗಬಹುದು, ಜಾಲರಿಯ ಈಚೆ ಮೊಣಕಾಲೂರಿ ಪಾದ್ರಿಗಳ ಕಿವಿಗೆ ಹೇಳಿದರೆ ಪ್ರಾಯಶ್ಚಿತ್ತ ಕೊಡುತ್ತಾರೆ, ದೇವರ ಮುಂದೆ ಚುಕ್ತಾ. ಅಕ್ಕುವಿಗೆ ಬೇರೆ ಎಲ್ಲಾದರೂ ಕೆಲಸ ನೋಡಬಹುದು. ಮಗುವಿಗೆ ಕ್ರಿಸ್ಮಸ್ಸಿಗೊಂದು ಫ್ರಾಕು. ದಾರಿಗಳೆಲ್ಲ ಚೆನ್ನಾಗಿದ್ದವು, ಯಾವುದೂ ನಾಲ್ಕನೇ ತರಗತಿಯ ಬಾಗಿಲಿಗೆ ಹೋಗುತ್ತಿರಲಿಲ್ಲ.

ಅಡುಗೆಕೋಣೆಯಲ್ಲಿ ಅಕ್ಕು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಹೆಲನ್ ಹೊಸ್ತಿಲಲ್ಲಿ ನಿಂತಳು.

"ಅಕ್ಕು, ಮೋಕ್ಷಾಳಿಗೆ ಆ ಕಾಳು ಕೊಟ್ಟದ್ದು ನಾನೇ. ಬೇರೆ ಕಾಳು. ನಂಗೆ ಮರೆತುಹೋಗಿತ್ತು."

ಅಕ್ಕುವಿನ ಬೆರಳು ನಿಲ್ಲಲಿಲ್ಲ. "ಹ್ಞಾಂ," ಎಂದಳು.

"ಉಳಿದವರದ್ದು ಯಾಕೆ ಹಾಳಾಯ್ತು, ಅದೇ ಗೊತ್ತಾಗುವುದಿಲ್ಲ."

"ಅದು ಬೇಯಿಸಿದ ಬತ್ತ ಬಾಯಮ್ಮ. ಮಿಲ್ಲಿನಲ್ಲಿ ಕುಚ್ಚಲಕ್ಕಿ ಮಾಡ್ಲಿಕ್ಕೆ ಬತ್ತವನ್ನೇ ಬೇಯಿಸಿ ಒಣಗಿಸುವುದಲ್ವಾ? ಹೊರಗಿಂದ ನೋಡಿದ್ರೆ ಬತ್ತವೇ. ಬೆಂದ ಬೀಜ ಎಲ್ಲಿ ಹುಟ್ಟುವುದು? ಮಂಗಳವಾರ ಕಿಟಕಿಯಿಂದ ವಾಸನೆ ಬರುವಾಗಲೇ ನಂಗೆ ಗೊತ್ತಾಯ್ತು."

ಹೆಲನ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮನೆಯಲ್ಲಿ ಮೂವತ್ತು ವರ್ಷ ಅದೇ ಕುಚ್ಚಲಕ್ಕಿಯ ಅನ್ನ ಬಡಿಸಿದ ತನ್ನ ಕೈ ಅದು. "ಮತ್ತೆ ನನಗೆ ಹೇಳ್ಲಿಲ್ಲ ಯಾಕೆ?"

"ಟೀಚರಿಗೆ ಅಡುಗೆಯವಳು ಹೇಳುವುದುಂಟಾ?" ಎಂದಳು ಅಕ್ಕು. ಕುಹಕವಿರಲಿಲ್ಲ, ಉಪ್ಪು ಎಷ್ಟು ಎಂದು ಹೇಳಿದಂತೆ ಹೇಳಿದಳು. ಆಮೇಲೆ ಮೊರ ಕೆಳಗಿಟ್ಟಳು. "ನನ್ನದು ಬಿಡಿ. ಕೆಲಸ ಹೋದ್ರೆ ಹೋಯ್ತು. ನಿನ್ನೆ ಅದು ಊಟಕ್ಕೆ ಕೂತದ್ದು ನನ್ನ ಹತ್ರ ಕೇಳ್ತದೆ, ಅಜ್ಜಿ, ಆ ಕಾಳು ನೀನೇ ಕೊಟ್ಟದ್ದಾ ಅಂತ. ಅದಕ್ಕೇ ಈಗ ಗೊತ್ತಿಲ್ಲ, ಯಾರು ಕೊಟ್ಟದ್ದು ಅಂತ. ಅದಕ್ಕೆ ಹೋಗಿ ಹೇಳಿ ಬಾಯಮ್ಮ. ನನಗೆ ಬೇಡ."

ಕವಾಯತು ಮುಗಿಸಿ ಮಕ್ಕಳು ಸಾಲಾಗಿ ಒಳಗೆ ಬರುತ್ತಿದ್ದರು. ಗೇಟಿನಲ್ಲಿ ತಂದೆತಾಯಂದಿರು ಸೇರತೊಡಗಿದ್ದರು. ವೆರಾಂಡದಲ್ಲಿ ಗ್ಲ್ಯಾಡಿಸ್ ಸಿಕ್ಕಿದಳು. ಹೆಲನ್ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದಾಗ ಅವಳು ಗೇಟಿನ ಕಡೆ ನೋಡಿ ಧ್ವನಿ ತಗ್ಗಿಸಿದಳು. "ಸುಮ್ಮನಿರು ನೀನು. ಅವಳನ್ನು ತೆಗೆಯುವುದು ಬೇಡ ಅಂತ ನಾನು ನೋಡಿಕೊಳ್ತೇನೆ. ಆದ್ರೆ ಮಕ್ಕಳ ಎದುರು ಎಂತ ಹೇಳ್ಲಿಕ್ಕೆ ಉಂಟು? ಎರಡು ದಿನದಲ್ಲಿ ಮರೀತಾರೆ ಮಾರಾಯ್ತಿ, ಮಕ್ಕಳಲ್ವಾ?"

ಮರೆಯುತ್ತಾರೆ, ನಿಜ. ಮರೆಯುವುದು ಎಷ್ಟು ಸಲೀಸೆಂದು ಅವಳಿಗೆ ಈಗ ಗೊತ್ತಿತ್ತು. ಅವಳು ಗ್ಲ್ಯಾಡಿಸ್‌ಳನ್ನು ದಾಟಿ ಒಳಗೆ ಹೋದಳು. ಕೋಣೆಯಲ್ಲಿ ಹುಳಿ ವಾಸನೆ ಹಾಗೆಯೇ ಇತ್ತು. ಹಿಂದೆಯೇ ನಾಲ್ಕಾರು ತಾಯಂದಿರು ಬಾಗಿಲಿಗೆ ಬಂದು ನಿಂತರು, ಅವರ ಹಿಂದೆ ಗ್ಲ್ಯಾಡಿಸ್, ಅವಳ ಹಿಂದೆ ಎಲ್ಲೋ ಅಕ್ಕುವಿನ ಬಿಳಿ ತಲೆ. ಹೆಲನ್ ಕರಿಹಲಗೆಯ ಮುಂದೆ ಹೋಗಿ ನಿಂತಳು. ಇಪ್ಪತ್ತೇಳು ವರ್ಷ ನಿಂತ ಜಾಗ. ಇವತ್ತು ಅಲ್ಲಿ ನಿಂತದ್ದು ಒಂಬತ್ತು ವರ್ಷದ ಮಗುವೊಂದನ್ನು ನಿಲ್ಲಿಸಿದ ಹಾಗೆ.

"ಮಕ್ಕಳೇ, ನಾನು ನಿಮಗೆ ಕೊಟ್ಟದ್ದು ಬೇಯಿಸಿದ ಬತ್ತ. ನನಗೆ ಅದು ಗೊತ್ತಿರ್ಲಿಲ್ಲ. ಮೋಕ್ಷಾಳಿಗೆ ಮಾತ್ರ ಬೇರೆ ಕಾಳು ಕೊಟ್ಟೆ. ಕೊಟ್ಟದ್ದು ನಾನೇ. ಅವಳು ಅದನ್ನೇ ಹೇಳಿದಳು, ನಾನು ಅವಳನ್ನು ಸುಳ್ಳಿ ಮಾಡಿದೆ. ಅವಳ ಅಜ್ಜಿ ಎಂತದೂ ಕೊಡ್ಲಿಲ್ಲ." ಅವಳು ಎರಡು ಜಡೆಯ ಕಡೆ ತಿರುಗಿದಳು. "ಮೋಕ್ಷಾ, ನೀನು ಮೊದಲು ಹೇಳಿದ್ದೇ ಸತ್ಯ. ಎರಡನೇ ಸಲ ಹೇಳಿದ್ದು ನಾನು ಹೇಳಿಸಿದ್ದು. ನನ್ನ ತಪ್ಪು."

ಅರಾಫತ್ ಕೈ ಎತ್ತಿದ. "ಟೀಚರ್, ಹಾಗಾದ್ರೆ ಈಗ ನೀವು ಬರೀಬೇಕಾ, ಇಪ್ಪತ್ತು ಸಲ?"

ಬಾಗಿಲಲ್ಲಿ ಯಾರೋ ನಗು ತಡೆದರು. "ಬರೀತೇನೆ," ಎಂದಳು ಹೆಲನ್. "ಮೊದಲು ಎಲ್ಲರೂ ನಿಮ್ಮ ಗೆರಟೆ ತೊಳೆದು ತನ್ನಿ. ಒಳ್ಳೆ ಕಾಳು ಉಂಟು. ಒಬ್ಬೊಬ್ಬರಿಗೆ ಒಂದೊಂದು."

ಅವಳು ಪುಸ್ತಕ ತೆರೆದು ತೆನೆಯನ್ನು ಅಂಗೈಗೆ ಸುಲಿದಳು. ಶೆರ್ವಿನ್ ಬಂದಾಗ ಅವನಿಗೂ ಹೇಳಬೇಕಾಗುತ್ತದೆ. ಈ ಸಲ ಹಾಜರಿ ಪುಸ್ತಕದ ಹೆಸರುಗಳನ್ನು ಕೊನೆಯಿಂದ ಕರೆದಳು. ಮೋಕ್ಷಾ ಬಂದು ಎದುರು ನಿಂತಿತು. ಮುಖದಲ್ಲಿ ಸಂತೋಷವಿರಲಿಲ್ಲ, ಸಿಟ್ಟೂ ಇರಲಿಲ್ಲ. ಹೆಲನ್ ಚಾಚಿದ ಅಂಗೈಯಿಂದ ಒಂದು ಕಾಳನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಮೂಗಿನ ಹತ್ತಿರ ಹಿಡಿಯಿತು. ಆಮೇಲೆ ಅಜ್ಜಿ ಮಾಡುವ ಹಾಗೆ ಮುಂದಿನ ಹಲ್ಲುಗಳ ನಡುವೆ ಇಟ್ಟು ಕಟಕ್ಕೆಂದು ಕಚ್ಚಿ, ತೆಗೆದು, ಒಡೆದ ಜಾಗವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿತು. ಟೀಚರ ಮುಖದ ಕಡೆ ನೋಡಲಿಲ್ಲ.

"ಇದು ಹಸಿ," ಎಂದಿತು, ಹಿಂದೆ ನಿಂತವರಿಗೆ. ಕಚ್ಚಿದ ಕಾಳು ಹುಟ್ಟುವುದಿಲ್ಲವೆಂದು ಅದಕ್ಕೆ ಗೊತ್ತಿತ್ತು. ಇನ್ನೊಂದಕ್ಕೆ ಕೈ ಚಾಚಿತು.

ಹೆಲನ್ ಕೊಟ್ಟಳು. ಆಮೇಲೆ ಬಂದ ಪ್ರತಿ ಮಗುವೂ ಮೊದಲ ಕಾಳನ್ನು ಕಚ್ಚಿ ನೋಡಿತು. ಅವಳು ಬೇಡವೆನ್ನಲಿಲ್ಲ. ಒಬ್ಬೊಬ್ಬರಿಗೂ ಎರಡೆರಡು ಕಾಳು ಇಡುತ್ತ, ಹಲ್ಲಿನ ಕೆಳಗೆ ಕಾಳು ಒಡೆಯುವ ಆ ಸಣ್ಣ ಸದ್ದನ್ನು ಕೇಳುತ್ತ, ಪ್ರತಿ ಸಲವೂ ಮಗು ತಲೆಯಾಡಿಸುವವರೆಗೆ ಕೈ ಚಾಚಿಕೊಂಡೇ ಕಾದು ನಿಂತಳು.